ಕತ್ತಲನ್ನು ಬಳಿಯಲಿಲ್ಲ, ಉಳಿಸಿಕೊಂಡೆ

ಇಟಲಿಯ ಚಿತ್ರಕಾರ ಕರವಾಜ್ಜೋ ಬರೆದ, ಕ್ರಿಸ್ತನ ದೇಹವನ್ನು ಸಮಾಧಿಗೆ ಇಳಿಸುವ ಚಿತ್ರ ನಿಮಗೆ ಗೊತ್ತಿರಬಹುದು. 1603–04ರ ಹೊತ್ತಿಗೆ ರೋಮ್‌ನ ಕಿಯೇಸಾ ನುವೋವಾ ಚರ್ಚಿಗೆ ಬರೆದದ್ದು, ಈಗ ವ್ಯಾಟಿಕನ್‌ನಲ್ಲಿದೆ. 3 ಮೀಟರ್ ಎತ್ತರ. ಅದರ ಅರ್ಧ ಅಳತೆಯ ಪ್ರತಿ ಈ ವರ್ಷ ಮುಗಿಸಿದೆ. ಕಂದು ಗ್ರೌಂಡ್ (ಚಿತ್ರಕ್ಕೂ ಮೊದಲು ಕ್ಯಾನ್ವಾಸಿಗೆ ಬಳಿಯುವ ತಳಬಣ್ಣ) ಮೇಲೆ ಶುರು ಮಾಡ್ತೀನಿ ಅಂದಾಗ ಗೆಳೆಯರೆಲ್ಲ ಬೇಡ ಅಂದಿದ್ದರು. "ಮೈಬಣ್ಣ ಮಂಕಾಗುತ್ತೆ ಕಣಯ್ಯಾ, ದುಡ್ಡು ದಂಡ."

ದುಡ್ಡು ದಂಡವಾಗಿದ್ದು ಬಿಳಿ ಗ್ರೌಂಡ್ ಮೇಲೆ. ಎರಡು ಲಿನನ್ ಕ್ಯಾನ್ವಾಸ್, ಬಣ್ಣ ಎಲ್ಲ ಸೇರಿ ಹದಿನಾಲ್ಕು ಹದಿನೈದು ಸಾವಿರ ಹೋಯಿತು. ಮೊದಲನೆಯದರಲ್ಲಿ ಐವರಿ ಬ್ಲ್ಯಾಕ್ ಅನ್ನೋ ಕಪ್ಪು ಬಣ್ಣ ಅಲ್ಲಲ್ಲಿ ಇಂಗಿ, ಹೊಗೆ ಹಿಡಿದ ಅಡುಗೆಮನೆ ಗೋಡೆಯ ಹಾಗಾಯಿತು. ಎರಡನೆಯದರಲ್ಲಿ ಆ ಕಪ್ಪು ಒಣಗುವ ಮೊದಲೇ ಮೇಲೆ ಅಂಬರ್ ಅನ್ನೋ ಕಂದು ಬಣ್ಣ ಎಳೆದೆ. ಎರಡೇ ತಿಂಗಳಿಗೆ ಬಿರುಕು.

ಮೂರನೆಯದಕ್ಕೆ ಅಂಬರ್, ಓಕರ್ ಅನ್ನೋ ಹಳದಿ ಮಣ್ಣು, ಚೂರು ಕೆಂಪು ಮಣ್ಣು ಸೇರಿಸಿ ಗ್ರೌಂಡ್ ಹಾಕಿದೆ. ಸ್ಕೆಚ್ ಇಲ್ಲ. ಹಸಿ ಇರುವಾಗಲೇ ಬ್ರಷ್ಷಿನ ಹಿಡಿಯಿಂದ ತಲೆ, ಭುಜ, ಮೊಣಕೈ ಎಲ್ಲಿ ಬರಬೇಕೋ ಅಲ್ಲಿ ಗೀರಿದೆ. ಕರವಾಜ್ಜೋನ ಹಲವು ಚಿತ್ರಗಳಲ್ಲಿ ಇಂಥ ಗೀರು ಓರೆ ಬೆಳಕಿಗೆ ಇವತ್ತಿಗೂ ಕಾಣುತ್ತೆ. ಎರಡು ವಾರ ಮುಟ್ಟಲಿಲ್ಲ. ಆಮೇಲೆ ಬೆಳಕು ಬೀಳುವ ಕಡೆ ಮಾತ್ರ ಬಣ್ಣ. ನೆರಳಿನ ಅಂಚಿನಲ್ಲಿ ಗ್ರೌಂಡನ್ನು ಹಾಗೇ ಬಿಟ್ಟೆ.

ಸುಮ್ನೆ ಫೋಟೋ ನೋಡಿ ಬರೆದರೆ ಭಾರ ಬರುವುದಿಲ್ಲ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಎಡಗಡೆ ಎತ್ತರದಲ್ಲಿ ಒಂದೇ ದೀಪ ಇಟ್ಟೆ. ಚಿತ್ರದಲ್ಲಿ ಕ್ರಿಸ್ತನ ಕಾಲು ಹಿಡಿದು ಬಾಗಿದ ಶಿಷ್ಯ ನಿಕೋದೇಮನ ಜಾಗದಲ್ಲಿ ನನ್ನ ಭಾವಮೈದ, ಕೈಯಲ್ಲಿ ಇಪ್ಪತ್ತು ಕೆಜಿ ಅಕ್ಕಿ ಮೂಟೆ. ಐದಾರು ನಿಮಿಷಕ್ಕೆ ಮೀನಖಂಡ ನಡುಗುತ್ತಿತ್ತು, ಪಾದದ ನರ ಉಬ್ಬುತ್ತಿತ್ತು. ಆ ನರಕ್ಕೇ ಮೂರು ಸಂಜೆ ಕೂತೆ. ದೊಡ್ಡ ಹಂದಿಗೂದಲ ಬ್ರಷ್ ಎತ್ತಿ ಹಿಡಿದು ನನ್ನ ಭುಜವೂ ತಿಂಗಳುಗಟ್ಟಲೆ ನೋಯಿತು.

ನಡುವೆ ಅಡುಗೆಯ ಅಕ್ರೋಟು ಎಣ್ಣೆಯಲ್ಲಿ ಬಿಳಿ ಬಣ್ಣದ ಪುಡಿ ಅರೆದು ನೋಡಿದೆ. ಹನ್ನೆರಡು ದಿನವಾದರೂ ಅಂಟುತ್ತಿತ್ತು, ಬಿಟ್ಟೆ. ಟೈಟಾನಿಯಂ ವೈಟ್ ಕಂದಿನ ಮೇಲೆ ಸುಣ್ಣದ ಹಾಗೆ ಕಂಡಿತು. ಸೀಸದಿಂದ ಮಾಡಿದ ಲೆಡ್ ವೈಟ್‌ಗೇ ಬಂದೆ. ವಿಷ ಅದು, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಒಣಗಿದ ಮೇಲೆ ಉಜ್ಜಬೇಡಿ. ಕ್ರಿಸ್ತನ ಎದೆಯ ಮೇಲೆ ದಪ್ಪಗೆ ಇಟ್ಟೆ, ಇಟ್ಟಲ್ಲೇ ನಿಂತಿತು. ಕೊನೆಯ ಗ್ಲೇಜಿಗೆ, ಅಂದರೆ ಮೇಲೆ ಎಳೆಯುವ ತೆಳು ಪಾರದರ್ಶಕ ಪದರಕ್ಕೆ, ಏನು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ದಂಡ ಅಂದಿದ್ದ ಗೆಳೆಯರೇ ಬಂದು, ಹಿನ್ನೆಲೆಗೆ ಯಾವ ಕಪ್ಪು ಅಂತ ಕೇಳಿದರು. ಈ ಮೂರನೆಯದಕ್ಕೆ ಕಪ್ಪು ಟ್ಯೂಬ್ ತೆರೆದೇ ಇರಲಿಲ್ಲ. ವಾರ್ನಿಷ್‌ಗೆ ಇನ್ನೂ ನಾಲ್ಕು ತಿಂಗಳು ಕಾಯಬೇಕು.