ಜಾಮ್ ಪ್ಯಾಡ್‌ನಲ್ಲೇ ಮೊದಲ ಡೆಮೊ: ಡ್ರಮ್ಸ್‌ಗೆ ನಾಲ್ಕು ಮೈಕು, ಒಂದು ದಾರ

ಇಂಗ್ಲೆಂಡಿನ ಶೆಫೀಲ್ಡ್‌ನ ರಾಕ್ ತಂಡ ಆರ್ಕ್ಟಿಕ್ ಮಂಕೀಸ್‌ನ ಹುಡುಗರು ಆರಂಭದಲ್ಲಿ ತಮ್ಮ ಕಾರ್ಯಕ್ರಮಗಳಲ್ಲಿ ಡೆಮೊ (ಹಾಡಿನ ಮಾದರಿ ರೆಕಾರ್ಡಿಂಗ್) ಸಿಡಿಗಳನ್ನು ಪುಕ್ಕಟೆ ಹಂಚಿದರು. ಕೇಳಿದವರು ಅವನ್ನು ಇಂಟರ್‌ನೆಟ್‌ನಲ್ಲಿ ಹಂಚಿಕೊಂಡರು. ಆಲ್ಬಂ ಬರುವ ಹೊತ್ತಿಗೆ ಅಭಿಮಾನಿಗಳಿಗೆ ಹಾಡುಗಳು ಬಾಯಿಪಾಠ. 2006ರ ಜನವರಿಯಲ್ಲಿ ಬಂದ ಆ ಮೊದಲ ಆಲ್ಬಂ ಬ್ರಿಟನ್ನಿನಲ್ಲಿ ಒಂದೇ ವಾರಕ್ಕೆ 3.6 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಒಳ್ಳೆಯ ಡೆಮೊಗೆ ದುಬಾರಿ ಸ್ಟುಡಿಯೊ ಬೇಕಿಲ್ಲ, ನಿಮ್ಮ ಜಾಮ್ ಪ್ಯಾಡ್ (ತಂಡ ಅಭ್ಯಾಸ ಮಾಡುವ ಕೋಣೆ) ಸಾಕು. ಡ್ರಮ್ಸ್ ಸರಿಯಾಗಿ ಹಿಡಿದರೆ ಅರ್ಧ ಕೆಲಸ ಆದಂತೆ.

ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಎಂಟು ಇನ್‌ಪುಟ್ ಇಂಟರ್‌ಫೇಸ್ ಬಾಡಿಗೆಗೆ ತನ್ನಿ. ಗಿಟಾರ್ ತಂತಿಗಳನ್ನು ಹಿಂದಿನ ದಿನವೇ ಬದಲಿಸಿ, ಎಳೆದು ಹದ ಮಾಡಿಡಿ. ಅಂದೇ ಹಾಕಿದ ತಂತಿ ಪ್ರತಿ ಟೇಕ್‌ಗೂ (ಒಂದು ಸಲದ ರೆಕಾರ್ಡಿಂಗ್) ಶ್ರುತಿ ಬಿಡುತ್ತದೆ. ಹೊಡೆಸಿಕೊಂಡು ತಗ್ಗು ಬಿದ್ದ ಸ್ನೇರ್ (ಡ್ರಮ್ಮರ್ ಎದುರಿನ ಚಪ್ಪಟೆ ಡ್ರಮ್) ಹೆಡ್ಡನ್ನು, ಅಂದರೆ ಮೇಲಿನ ಹೊದಿಕೆಯನ್ನು, ದನಿ ತಿದ್ದುವ ಯಾವ ಸಾಫ್ಟ್‌ವೇರ್ ಪ್ಲಗಿನ್ನೂ ಉಳಿಸಲಾರದು, ಅದನ್ನೂ ಬದಲಿಸಿ.

ಒಂದು ಮೈಕು ಕಿಕ್‌ಗೆ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), ಒಂದು ಸ್ನೇರ್‌ಗೆ, ಉಳಿದೆರಡು ಓವರ್‌ಹೆಡ್, ಅಂದರೆ ಇಡೀ ಡ್ರಮ್ ಸೆಟ್ಟನ್ನು ಹಿಡಿಯುವವು. ಸ್ನೇರ್ ನಡುಮಧ್ಯದಲ್ಲಿ ದಾರದ ತುದಿ ಒತ್ತಿ ಹಿಡಿದು 100 ಸೆಂ.ಮೀ. ಅಳೆಯಿರಿ. ಮೊದಲ ಓವರ್‌ಹೆಡ್ ನೇರ ಮೇಲೆ, ಅಷ್ಟೇ ದೂರದಲ್ಲಿ. ಎರಡನೆಯದು ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ಡ್ರಮ್) ಪಕ್ಕದಲ್ಲಿ, ಅದರ ಅಂಚಿಗಿಂತ ಒಂದು ಗೇಣಿನಷ್ಟು ಎತ್ತರ, ಹೈ-ಹ್ಯಾಟ್ (ಕಾಲಲ್ಲಿ ಮುಚ್ಚಿ ತೆರೆಯುವ ಜೋಡಿ ತಾಳ) ಕಡೆ ಮುಖ. ಇದಕ್ಕೂ ಅದೇ ದಾರ, ಅದೇ ಅಳತೆ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ. ದೂರ ಹೆಚ್ಚುಕಮ್ಮಿಯಾದರೆ ಒಂದೇ ಏಟು ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ, ಸ್ನೇರ್ ದನಿ ತೆಳ್ಳಗಾಗುತ್ತದೆ. ಆಮೇಲೆ ಕಿಕ್ ಚಾನೆಲ್‌ನ ಪೊಲಾರಿಟಿ (ಸಿಗ್ನಲ್‌ನ ಪ್ಲಸ್-ಮೈನಸ್ ದಿಕ್ಕು) ತಿರುಗಿಸಿ ಕೇಳಿ. ಯಾವ ಕಡೆ ಇಟ್ಟಾಗ ತಳದ ದನಿ ತುಂಬಿ ಬರುತ್ತದೋ ಅಲ್ಲೇ ಬಿಡಿ.

ಬೇಸ್ ಗಿಟಾರ್ ಮೈಕಿಲ್ಲದೆ, ಡಿಐ ಬಾಕ್ಸ್ (ವಾದ್ಯವನ್ನು ಇಂಟರ್‌ಫೇಸಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಮೂಲಕ ನೇರ ಬರಲಿ. ಗಿಟಾರ್ ಆಂಪ್‌ನ ಜಾಲರಿಗೆ ಎರಡು ಬೆರಳು ದೂರದಲ್ಲಿ, ಸ್ಪೀಕರ್ ಮಧ್ಯದ ಗುಮ್ಮಟದ ಅಂಚಿಗೆ ಮೈಕು ಗುರಿ ಇಡಿ. ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಎಫೆಕ್ಟ್) ಮಾಮೂಲಿಗಿಂತ ಕಡಿಮೆ ಸಾಕು. ಎರಡು ಗಿಟಾರ್ ಸೇರಿದಾಗ ಹೆಚ್ಚಿದ್ದದ್ದೆಲ್ಲ ಕಲಸುಮೇಲೋಗರ. ಹಾಡುವವರ ದನಿ ಹೆಡ್‌ಫೋನ್‌ಗಳಲ್ಲಿ ಮಾತ್ರ ಕೇಳಲಿ. ಕೋಣೆಯ ಪಿಎ (ಧ್ವನಿವರ್ಧಕ) ಸ್ಪೀಕರ್‌ಗೆ ಬಿಟ್ಟರೆ ಅದು ಓವರ್‌ಹೆಡ್‌ಗಳಲ್ಲಿ ಕೂತುಬಿಡುತ್ತದೆ, ಆಮೇಲೆ ಹೊಸದಾಗಿ ಹಾಡಿಸಿದರೂ ಹಳೆಯ ದನಿ ಹಿಂದೆ ಕೇಳುತ್ತಲೇ ಇರುತ್ತದೆ.

ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 48 ಕಿಲೊಹರ್ಟ್ಸ್ ಇರಲಿ. ಅತಿ ಜೋರಿನ ಏಟು ಮೀಟರ್‌ನಲ್ಲಿ ಮೈನಸ್ 10 ಡೆಸಿಬೆಲ್ ದಾಟದಿರಲಿ, ಏಕೆಂದರೆ ಸೌಂಡ್ ಚೆಕ್‌ನಲ್ಲಿ ಬಾರಿಸಿದ್ದಕ್ಕಿಂತ ಟೇಕ್‌ನಲ್ಲಿ ಎಲ್ಲರೂ ಜೋರಾಗಿಯೇ ಬಾರಿಸುತ್ತಾರೆ. ಗುಂಯ್ ಸದ್ದು ಬಂದರೆ ಎಲ್ಲ ಸಾಧನಗಳನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿ ನೋಡಿ. ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ಕಿತ್ತುಹಾಕಬೇಡಿ, ಮೈಕಿಗೆ ತುಟಿ ತಾಗಿಸಿದವರ ಜೀವಕ್ಕೇ ಅಪಾಯ. ಟೇಕ್ ವೇಳೆ ಫ್ಯಾನ್, ಎಸಿ ಆಫ್.

ನಾಲ್ಕನೇ ಟೇಕ್‌ಗೂ ಹಾಡು ಕೂರದಿದ್ದರೆ ಬಿಟ್ಟು ಮುಂದಿನದಕ್ಕೆ ಹೋಗಿ, ಊಟ ಮಾಡಿ ಬಂದು ಮತ್ತೆ ಹಿಡಿಯಿರಿ.

ಮಿಕ್ಸ್ ಅನ್ನು ಫೋನ್ ಸ್ಪೀಕರ್‌ನಲ್ಲೂ ಕೇಳಿ. ಬೇಸ್ ಮಾಯವಾಗಿದ್ದರೆ ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ; ಬೇಸ್‌ಗೆ ಚೂರು ಡಿಸ್ಟಾರ್ಷನ್ ಕೊಡಿ, ಸಣ್ಣ ಸ್ಪೀಕರ್‌ಗೆ ಎಟುಕುವ ಮೇಲಿನ ಸ್ವರಗಳು ಹುಟ್ಟುತ್ತವೆ. ಹಾಡನ್ನು ಇಂಟರ್‌ನೆಟ್‌ಗೆ ಏರಿಸುವ ಮುನ್ನ ಸಾಹಿತ್ಯ, ಸಂಗೀತದಲ್ಲಿ ಯಾರ ಪಾಲು ಎಷ್ಟು ಎಂದು ಬರೆದು ಎಲ್ಲರೂ ಸಹಿ ಹಾಕಿ. ಬಿಡಿ ಟ್ರ್ಯಾಕ್‌ಗಳು ಎರಡು ಬೇರೆ ಡ್ರೈವ್‌ಗಳಲ್ಲಿ, ಇಬ್ಬರ ಮನೆಯಲ್ಲಿರಲಿ.