ಅಮೆರಿಕದ ಆಕರಸೂಚಿಯಲ್ಲಿ ಕನ್ನಡಿಗರ ಹೆಸರು

ಮನೋವಿಜ್ಞಾನ, ಶಿಕ್ಷಣ, ನರ್ಸಿಂಗ್‌ನಂಥ ವಿಷಯಗಳಲ್ಲಿ ಸಂಶೋಧನೆ ಮಾಡಲು ಅಮೆರಿಕಕ್ಕೆ ಬರುವ ಕನ್ನಡಿಗರು ಮೊದಲ ಪ್ರಬಂಧ ಬರೆಯುವಾಗಲೇ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ರೂಪಿಸಿದ ಬರವಣಿಗೆಯ ಮತ್ತು ಆಕರ ನಮೂದಿಸುವ ಶೈಲಿಯನ್ನು ಕಲಿಯಬೇಕಾಗುತ್ತದೆ. 1929ರಲ್ಲಿ ಏಳು ಪುಟಗಳ ಲೇಖನವಾಗಿ ಹುಟ್ಟಿದ ಈ ನಿಯಮಾವಳಿಯ ಏಳನೆಯ ಆವೃತ್ತಿ 2019ರಲ್ಲಿ ಹೊರಬಂದಿತು. ಅಲ್ಪವಿರಾಮ, ಆವರಣಗಳ ನಿಯಮಗಳು ನಮ್ಮವರಿಗೆ ಬೇಗ ರೂಢಿಯಾಗುತ್ತವೆ. ತೊಡಕಾಗುವುದು ಹೆಸರಿನ ವಿಷಯದಲ್ಲಿ.

ಈ ಶೈಲಿಯಲ್ಲಿ ಬರಹದ ನಡುವೆ ಲೇಖಕರ ಸರ್‌ನೇಮ್ ಮತ್ತು ವರ್ಷ ಬರುತ್ತವೆ, ಕೊನೆಯ ಆಕರಸೂಚಿಯೂ ಸರ್‌ನೇಮಿನ ಅಕಾರಾದಿಯಲ್ಲೇ ಇರುತ್ತದೆ. ನಮ್ಮಲ್ಲಿ ಅನೇಕರಿಗೆ ಸರ್‌ನೇಮೇ ಇಲ್ಲ. ಇರುವುದು ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಹೆಸರಿನಲ್ಲಿ ಎಂ ಎಂದರೆ ಮೈಸೂರು, ಎನ್ ಎಂದರೆ ನರಸಿಂಹಾಚಾರ್. ಅವರ ಪ್ರಸಿದ್ಧ ಲೇಖನವೊಂದನ್ನು ಸೂಚಿಯಲ್ಲಿ ಹೀಗೆ ಬರೆಯಬೇಕು: ಶ್ರೀನಿವಾಸ್, ಎಂ. ಎನ್. (1959). ದ ಡಾಮಿನೆಂಟ್ ಕಾಸ್ಟ್ ಇನ್ ರಾಂಪುರ. ಅಮೆರಿಕನ್ ಆಂತ್ರೊಪಾಲಜಿಸ್ಟ್, 61(1), 1–16. ಇಲ್ಲಿ 61 ಸಂಪುಟ, ಆವರಣದೊಳಗಿನದು ಸಂಚಿಕೆ, ಉಳಿದದ್ದು ಪುಟಗಳು. ಡಿಒಐ (ಲೇಖನಕ್ಕೆ ಕೊಡುವ ಶಾಶ್ವತ ಡಿಜಿಟಲ್ ಗುರುತು) ಇದ್ದರೆ ಅದರ ಪೂರ್ಣ ಕೊಂಡಿ ಕೊನೆಯಲ್ಲಿ ಬರಬೇಕು. ಪತ್ರಿಕೆಯ ಹೆಸರು ಮತ್ತು ಸಂಪುಟದ ಸಂಖ್ಯೆ ಓರೆ ಅಕ್ಷರದಲ್ಲಿರಬೇಕು, ಸಂಚಿಕೆಯ ಸಂಖ್ಯೆ ನೇರ ಅಕ್ಷರದಲ್ಲಿ. ಇಂಗ್ಲಿಷಿನಲ್ಲಿ ಬರೆಯುವಾಗ ಲೇಖನದ ಶೀರ್ಷಿಕೆಯಲ್ಲಿ ಮೊದಲ ಪದಕ್ಕೂ ರಾಂಪುರಕ್ಕೂ ಮಾತ್ರ ಕ್ಯಾಪಿಟಲ್, ಪತ್ರಿಕೆಯ ಹೆಸರಿನಲ್ಲಾದರೆ ಎರಡು ಪದಗಳಿಗೂ. ಆ ಭೇದವೇ ಇಲ್ಲದ ಲಿಪಿಯಲ್ಲಿ ಓದಿ ಬೆಳೆದವರು ಇದನ್ನು ಎರಡು ಸಲ ನೋಡುವುದು ಒಳ್ಳೆಯದು.

ಇನಿಷಿಯಲ್ ಹೆಸರಿಗಿಂತ ಮೊದಲಿದ್ದರೆ ಕೆಲಸ ಇಷ್ಟು ಸುಲಭ. ಆದರೆ ಮಂಜುನಾಥ ಬಿ. ಕೆ. ಎಂದು ಅದನ್ನು ಕೊನೆಗೆ ಬರೆಯುವ ರೂಢಿಯೂ ನಮ್ಮಲ್ಲಿದೆ. ಆಕರ ಜೋಡಿಸುವ ತಂತ್ರಾಂಶಗಳು ಕೊನೆಯ ತುಂಡನ್ನೇ ಸರ್‌ನೇಮ್ ಎಂದು ಹಿಡಿದು ‘ಕೆ., ಎಂ. ಬಿ.’ ಎಂದು ಬರೆದುಬಿಡುವುದುಂಟು. ಅಂಥ ಒಂದು ತಂತ್ರಾಂಶವಾದ ಜೊಟೆರೊದಲ್ಲಿ ಹೆಸರಿಗೆ ಎರಡು ಜಾಗಗಳಿವೆ: ಸರ್‌ನೇಮಿಗೆ ಮೀಸಲಾದ ಮೊದಲನೆಯದರಲ್ಲಿ ಮಂಜುನಾಥ, ಎರಡನೆಯದರಲ್ಲಿ ಬಿ. ಕೆ. ಎಂದು ಕೈಯಾರೆ ತಿದ್ದಬೇಕು.

ಕನ್ನಡ ಪುಸ್ತಕವಾದರೆ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು, ಅದರ ಇಂಗ್ಲಿಷ್ ಅರ್ಥವನ್ನು ಚೌಕ ಆವರಣದಲ್ಲಿ ಕೊಡಬೇಕು. ಪ್ರಕಾಶನದ ಊರನ್ನು ಏಳನೆಯ ಆವೃತ್ತಿ ಕೈಬಿಟ್ಟಿದೆ.

ಇನ್ನು ನಿಮ್ಮದೇ ಹೆಸರು. ಪಾಸ್‌ಪೋರ್ಟಿನಲ್ಲಿ ನನ್ನ ತಂದೆಯವರ ಹೆಸರು ಸರ್‌ನೇಮ್ ಜಾಗದಲ್ಲಿತ್ತು. ಅದನ್ನೇ ಪತ್ರಿಕೆಗೂ ಕೊಟ್ಟೆ. ಜೀವಮಾನವೆಲ್ಲ ಬೇಸಾಯ ಮಾಡಿದ ಅವರ ಹೆಸರಿನಲ್ಲೇ ಆ ಲೇಖನ ಇಂದಿಗೂ ಉಲ್ಲೇಖಗೊಳ್ಳುತ್ತಿದೆ. ಎರಡನೆಯ ಲೇಖನಕ್ಕೆ ನನ್ನ ಹೆಸರನ್ನು ಮುಂದಿಟ್ಟೆ, ಆಗ ಸೂಚಿಗಳಲ್ಲಿ ನಾನು ಇಬ್ಬರಾದೆ. ಆದ್ದರಿಂದ ಮೊದಲ ಲೇಖನ ಕಳಿಸುವ ಮುನ್ನವೇ ಹೆಸರಿನ ಒಂದು ರೂಪವನ್ನು ನಿಶ್ಚಯಿಸಿ, ಆರ್ಕಿಡ್ ಎಂಬ 16 ಅಂಕಿಗಳ ಉಚಿತ ಗುರುತಿನ ಸಂಖ್ಯೆ ಪಡೆದು, ಪ್ರತಿ ಲೇಖನದೊಂದಿಗೂ ಅದನ್ನು ನಮೂದಿಸಬೇಕು. ಅಚ್ಚಿಗೆ ಮುಂಚೆ ಕರಡು ಬಂದಾಗ ಲೇಖಕರ ಸಾಲಿನಲ್ಲಿ ಯಾವ ಭಾಗವನ್ನು ಸರ್‌ನೇಮ್ ಎಂದು ಗುರುತಿಸಿದ್ದಾರೆಂಬುದನ್ನು ಸಂಪಾದಕರಿಗೆ ಬರೆದು ಕೇಳಬೇಕು.