ಮನಿ ಫ್ಲೋ ಇಂಡಿಕೇಟರ್‌ಗಳು ತಾಳೆಯಾಗದಿದ್ದಾಗ ಏನು ಮಾಡಬೇಕು?

ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಎಷ್ಟಕ್ಕೆ ಹೋಯಿತು ಎಂದು ಕೇಳುವವರು ಎಷ್ಟು ಬಾಕ್ಸ್ ಬಂದಿತ್ತು ಎಂದೂ ಕೇಳುತ್ತಾರೆ. ಷೇರಿಗೆ ಹಣ ಒಳಬರುತ್ತಿದೆಯೋ ಹೊರಹೋಗುತ್ತಿದೆಯೋ ಎಂದು ಅಂದಾಜಿಸುವ ಮನಿ ಫ್ಲೋ ಇಂಡಿಕೇಟರ್‌ಗಳೂ ಹಾಗೆಯೇ ಬೆಲೆಯ ಜೊತೆ ವಾಲ್ಯೂಮ್ (ಕೈಬದಲಾದ ಷೇರುಗಳ ಸಂಖ್ಯೆ) ಸೇರಿಸಿ ನೋಡುತ್ತವೆ. ಆದರೂ ಒಂದು ಏರುತ್ತಿರುವಾಗಲೇ ಇನ್ನೊಂದು ಇಳಿಯುವುದುಂಟು. ಏಕೆಂದು ತಿಳಿಯಲು ಕಾಗದದ ಮೇಲೆ ಲೆಕ್ಕ ಹಾಕಿ.

ಒಂದು ಷೇರಿನ ನಿನ್ನೆಯ ಹೈ (ದಿನದ ಗರಿಷ್ಠ ಬೆಲೆ) 114, ಲೋ (ಕನಿಷ್ಠ ಬೆಲೆ) 109, ಕ್ಲೋಸ್ (ದಿನದ ಕೊನೆಯ ಬೆಲೆ) 112. ಇವತ್ತು ಗ್ಯಾಪ್ ಡೌನ್, ಅಂದರೆ ಇಡೀ ದಿನ ನಿನ್ನೆಯ ಲೋಗಿಂತ ಕೆಳಗೇ: ಹೈ 108, ಲೋ 98, ಕ್ಲೋಸ್ 106, ವಾಲ್ಯೂಮ್ 50,000.

ಒಬಿವಿ (ಆನ್ ಬ್ಯಾಲೆನ್ಸ್ ವಾಲ್ಯೂಮ್) ಇವತ್ತಿನ ಕ್ಲೋಸನ್ನು ನಿನ್ನೆಯ ಕ್ಲೋಸ್ ಜೊತೆ ಮಾತ್ರ ಹೋಲಿಸುತ್ತದೆ. ಬೆಲೆ ಇಳಿದಿದೆ, ಹಾಗಾಗಿ ಪೂರ್ತಿ 50,000 ಕಳೆಯುತ್ತದೆ. ಎಂಎಫ್‌ಐ (ಮನಿ ಫ್ಲೋ ಇಂಡೆಕ್ಸ್) ಹೈ, ಲೋ, ಕ್ಲೋಸ್ ಮೂರರ ಸರಾಸರಿ ತೆಗೆಯುತ್ತದೆ: ಇವತ್ತು 104, ನಿನ್ನೆ 111.67. ಇಳಿಕೆಯೇ ಆದ್ದರಿಂದ 104 × 50,000, ಅಂದರೆ 52 ಲಕ್ಷ ಹೊರಹೋದ ಲೆಕ್ಕಕ್ಕೆ ಬೀಳುತ್ತದೆ. ಎ/ಡಿ (ಅಕ್ಯುಮುಲೇಶನ್/ಡಿಸ್ಟ್ರಿಬ್ಯೂಶನ್) ಲೈನ್‌ಗೆ ನಿನ್ನೆಯ ಗೊಡವೆಯೇ ಇಲ್ಲ, ಇವತ್ತಿನ ಹೈ, ಲೋ ನಡುವೆ ಕ್ಲೋಸ್ ಎಲ್ಲಿದೆ ಎಂದಷ್ಟೇ ನೋಡುತ್ತದೆ. ಕ್ಲೋಸ್ ಲೋಗಿಂತ 8 ಮೇಲೆ, ಹೈಗಿಂತ 2 ಕೆಳಗೆ; ಇವುಗಳ ವ್ಯತ್ಯಾಸವನ್ನು ಹೈ, ಲೋ ಅಂತರ 10ರಿಂದ ಭಾಗಿಸಿದರೆ (8 − 2) ÷ 10 = 0.6. ಹಾಗಾಗಿ 0.6 × 50,000, ಅಂದರೆ 30,000 ಕೂಡುತ್ತದೆ. ಸಿಎಂಎಫ್ (ಚೈಕಿನ್ ಮನಿ ಫ್ಲೋ) ಇದೇ ಮೊತ್ತವನ್ನು 20 ದಿನ ಕೂಡಿಸಿ, ಆ 20 ದಿನದ ಒಟ್ಟು ವಾಲ್ಯೂಮ್‌ನಿಂದ ಭಾಗಿಸುತ್ತದೆ.

ಹೀಗೆ ಒಬಿವಿ, ಎಂಎಫ್‌ಐ ನಿನ್ನೆಗೆ ಹೋಲಿಸುವ ಬಣ; ಎ/ಡಿ, ಸಿಎಂಎಫ್ ಆಯಾ ದಿನವನ್ನಷ್ಟೇ ನೋಡುವ ಬಣ. ಹಾಗಾಗಿ ಎರಡು ಬಣದಿಂದ ಒಂದೊಂದನ್ನು ಇಟ್ಟುಕೊಂಡರೆ ಸಾಕು. ಹಗಲೆಲ್ಲ ಮಂಡಿಯಲ್ಲೋ ನರಸಾಪುರದ ಫ್ಯಾಕ್ಟರಿಯಲ್ಲೋ ಇದ್ದು ಸಂಜೆ ಡೈಲಿ ಚಾರ್ಟ್ ನೋಡುವವರಿಗೆ ಒಬಿವಿ ಮತ್ತು ಸಿಎಂಎಫ್ ಜೋಡಿ ಒಳ್ಳೆಯದು. ಒಬಿವಿಯ ಅಂಕಿಗೆ ಅರ್ಥವಿಲ್ಲ, ಅದು ಯಾವ ದಿಕ್ಕಿಗೆ ಸಾಗಿದೆ ಎಂಬುದನ್ನಷ್ಟೇ ನೋಡಿ. ಸಿಎಂಎಫ್ −0.05 ಮತ್ತು +0.05 ನಡುವೆ ಇದ್ದರೆ ತೀರ್ಮಾನ ಬೇಡ. 14 ದಿನದ ಎಂಎಫ್‌ಐ ಅಕ್ಕಪಕ್ಕ ಸರಿದಾಡುವ ಷೇರಿಗೆ ಸರಿ. ಅದರ ಅಳತೆ 0ರಿಂದ 100ರವರೆಗೆ. ಜೋರಾಗಿ ಏರುವ ಷೇರಿನಲ್ಲಿ ಅದು 80ರ ಮೇಲೆಯೇ ದಿನಗಟ್ಟಲೆ ಕೂತಿರುತ್ತದೆ, ಅಷ್ಟಕ್ಕೇ ಮಾರಬೇಡಿ.

ಹೆಚ್ಚಿನವರು ಎಡವುವುದು ಸಿಎಂಎಫ್‌ನಲ್ಲಿ. ಒಂದು ದಿನ ಭಾರಿ ವಾಲ್ಯೂಮ್ ಬಂದರೆ 20 ದಿನ ಅದರದೇ ಪ್ರಭಾವ. 21ನೇ ದಿನ ಆ ದಿನ ಲೆಕ್ಕದಿಂದ ಹೊರಬಿದ್ದಾಗ, ಷೇರಿನಲ್ಲಿ ಏನೂ ಆಗದಿದ್ದರೂ ಗೆರೆ ಕುಸಿಯುತ್ತದೆ ಇಲ್ಲವೇ ಜಿಗಿಯುತ್ತದೆ. ಸೊನ್ನೆ ದಾಟಿದ್ದು ಕಂಡರೆ 20 ದಿನ ಹಿಂದಿನ ವಾಲ್ಯೂಮ್ ಕಂಬವನ್ನು ಮೊದಲು ನೋಡಿ.

ದಿನವಿಡೀ ಅಪ್ಪರ್ ಸರ್ಕ್ಯೂಟ್‌ನಲ್ಲೇ (ಆ ದಿನ ಏರಬಹುದಾದ ಗರಿಷ್ಠ ಮಿತಿಯಲ್ಲೇ) ಇದ್ದ ಷೇರಿಗೆ ಹೈ, ಲೋ ಎರಡೂ ಒಂದೇ. ಆಗ ಎ/ಡಿ ಲೈನ್ ಏನೂ ಕೂಡುವುದಿಲ್ಲ, ಒಬಿವಿ ಮಾತ್ರ ಪೂರ್ತಿ ಕೂಡುತ್ತದೆ. ಇನ್ನು ಬೋನಸ್ (ಇರುವ ಷೇರಿಗೆ ಉಚಿತ ಷೇರು), ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಆದ ಷೇರಿನ ಹಳೆಯ ಬೆಲೆ, ವಾಲ್ಯೂಮ್‌ಗಳನ್ನು ಚಾರ್ಟ್ ಸರಿಹೊಂದಿಸಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ 1:1 ಬೋನಸ್‌ನಿಂದ ಅರ್ಧಕ್ಕಿಳಿದ ಬೆಲೆಯನ್ನು ಒಬಿವಿ ಕುಸಿತವೆಂದೇ ಎಣಿಸಿ ಅಷ್ಟೂ ವಾಲ್ಯೂಮ್ ಕಳೆದುಬಿಡುತ್ತದೆ.